ಕೊಳವೆಯ ಮೇಲಣ ನೆಲ

ಸುಗ್ಗಿಗೆ ಮುಂಚಿನ ದಿನಗಳಲ್ಲಿ ಹಾಸನದ ಸೀಮೆಯಲ್ಲೋ ತುಮಕೂರಿನ ಸೀಮೆಯಲ್ಲೋ ಒಂದು ದಿಣ್ಣೆಯನ್ನೇರಿ ನಿಂತವನ ಕಣ್ಣಿಗೆ, ತೆನೆಗಟ್ಟಿದ ರಾಗಿಯ ಹೊಲಗಳ ನಡುವೆ ಹಾದು, ತೆಂಗಿನ ತೋಟವನ್ನು ಸೀಳಿ, ಹಳ್ಳವನ್ನು ದಾಟಿ, ಆಚೆಯ ಗುಡ್ಡದ ಬೆನ್ನನ್ನೇರಿ ಮರೆಯಾಗುವ ಒಂದು ನೇರವಾದ ಪಟ್ಟಿ ಒಮ್ಮೊಮ್ಮೆ ಗೋಚರಿಸುವುದುಂಟು. ಅದು ರಸ್ತೆಯಲ್ಲ, ಕಾಲುವೆಯಲ್ಲ, ವಿದ್ಯುತ್ತಿನ ತಂತಿಗಳ ಕೆಳಗಣ ದಾರಿಯೂ ಅಲ್ಲ. ಅಲ್ಲಿ ಬೆಳೆಯಿದೆ, ಮರವಿಲ್ಲ. ದನ ಮೇಯುತ್ತಿದೆ, ಕೊಟ್ಟಿಗೆಯಿಲ್ಲ. ಅಲ್ಲಲ್ಲಿ ನೆಟ್ಟ ಗಿಡ್ಡ ಕಂಬಗಳ ಫಲಕದಲ್ಲಿ, ಇಲ್ಲಿ ಅಗೆಯಬಾರದೆಂಬ ಎಚ್ಚರಿಕೆಯೂ ಒಂದು ದೂರವಾಣಿ ಸಂಖ್ಯೆಯೂ ಇವೆ.

ಅದೇ ಪಟ್ಟಿ ನಗರದ ಅಂಚನ್ನು ಮುಟ್ಟುವಾಗ ಚಿತ್ರ ಬದಲಾಗುವುದು. ಹೊಲವಿದ್ದಲ್ಲಿ ಸುಣ್ಣ ಬಳಿದ ಗಡಿಕಲ್ಲುಗಳು, ಬದುವಿದ್ದಲ್ಲಿ ಜಲ್ಲಿಯ ರಾಶಿ, ಹಳೆಯ ಹುಣಿಸೆಮರವಿದ್ದಲ್ಲಿ ನಿವೇಶನ ಮಾರಾಟಕ್ಕಿದೆಯೆಂಬ ಬಣ್ಣದ ಹಲಗೆ. ಆ ಪಟ್ಟಿಯಡಿಯಲ್ಲಿ ಇಂಧನ ಸಾಗಿಸುವ ಕೊಳವೆಯನ್ನು ಹೂಳಿದ ವರ್ಷವನ್ನು ಕಣ್ಣಾರೆ ಕಂಡ ಹಿರಿಯರು ತೀರಿಕೊಂಡಿದ್ದಾರೆ. ಮಕ್ಕಳು ಭೂಮಿಯನ್ನು ಮಾರಿದ್ದಾರೆ. ಕೊಂಡವರು ಬೇರೆ ಊರಿನವರು. ಜೆಸಿಬಿಯ ಚಾಲಕನಿಗಾದರೋ ಆ ಮಣ್ಣು ಎಲ್ಲ ಮಣ್ಣಿನಂತೆಯೇ.

ಈ ನೆಲವನ್ನು ಏಕೆ ಬರಿದಾಗಿಡಬೇಕೆಂದು ಕೇಳಿದರೆ, ಕೊಳವೆ ಸಿಡಿದರೆ ಮನೆಗೆ ಅಪಾಯವಲ್ಲವೇ ಎಂಬ ಉತ್ತರ ಒಡನೆ ಬರುತ್ತದೆ. ಅದು ಸುಳ್ಳಲ್ಲ, ಆದರೆ ಅರ್ಧಸತ್ಯ. ಕೊಳವೆಗೆ ಸಂಭವಿಸುವ ಆಘಾತಗಳಲ್ಲಿ ಮುಖ್ಯವಾದೊಂದು ಬಗೆಯು ಅದರ ಸಮೀಪದಲ್ಲಿ ಮನುಷ್ಯನು ನಡೆಸುವ ಅಗೆತ, ಕಟ್ಟಡ ಮತ್ತು ಭಾರಗಳಿಂದಲೇ ಉಂಟಾಗುವುದಾದುದರಿಂದ, ಆ ಕಿರಿದಾದ ಪಟ್ಟಿ ಮನೆಯನ್ನು ಕೊಳವೆಯಿಂದ ಕಾಪಾಡುವುದಕ್ಕಿಂತ ಹೆಚ್ಚಾಗಿ ಕೊಳವೆಯನ್ನು ಮನೆಯಿಂದ ಕಾಪಾಡುತ್ತದೆ. ಈ ವಿಷಯದ ಉಳಿದ ವಿವರಗಳೆಲ್ಲ ಈ ಒಂದು ಮಾತನ್ನು ಹಿಡಿದು ಹೊರಟರೆ ಸುಲಭವಾಗಿ ಅರ್ಥವಾಗುವುವು.

ನೆಲದಡಿಯ ಮಾರ್ಗಗಳು

ನಮ್ಮ ರಾಜ್ಯದ ನೆಲದಡಿಯಲ್ಲಿ ಇಂತಹ ಮಾರ್ಗಗಳು ಹಲವುಂಟು. ಮಂಗಳೂರಿನಿಂದ ಹೊರಟು, ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ ಮತ್ತೊಮ್ಮೆ ಒತ್ತಡವನ್ನು ಪಡೆದು ಘಟ್ಟವನ್ನೇರಿ, ಹಾಸನವನ್ನು ಹಾಯ್ದು, ಹೊಸಕೋಟೆಯ ಸಮೀಪದ ದೇವನಗುಂದಿಯನ್ನು ಸೇರುವ ಸುಮಾರು 362 ಕಿಲೋಮೀಟರ್ ಉದ್ದದ ತೈಲಮಾರ್ಗ 2003ರಲ್ಲಿ ಕಾರ್ಯಾರಂಭ ಮಾಡಿತು. ಪೆಟ್ರೋಲ್, ಡೀಸೆಲ್ ಮೊದಲಾದ ಬೇರೆ ಬೇರೆ ತೈಲಗಳು ಒಂದರ ಹಿಂದೊಂದಾಗಿ ಒಂದೇ ಕೊಳವೆಯಲ್ಲಿ ಸಾಗಿಬರುವ ವ್ಯವಸ್ಥೆ ಅದು.

ಮಹಾರಾಷ್ಟ್ರದ ಕಡಲತಡಿಯ ದಾಭೋಳದಿಂದ ಬೆಳಗಾವಿ, ಧಾರವಾಡ, ಚಿತ್ರದುರ್ಗ, ತುಮಕೂರುಗಳ ಸೀಮೆಯನ್ನು ಹಾದು ಬೆಂಗಳೂರಿಗೆ ನೈಸರ್ಗಿಕ ಅನಿಲವನ್ನು ತರುವ, ಸುಮಾರು 1,000 ಕಿಲೋಮೀಟರ್ ಉದ್ದದ ಮಾರ್ಗ 2013ರಲ್ಲಿ ಆರಂಭವಾಯಿತು. ಕೊಚ್ಚಿಯಿಂದ ಮಂಗಳೂರಿಗೆ ಬರುವ 450 ಕಿಲೋಮೀಟರಿನ ಅನಿಲಮಾರ್ಗ 2021ರ ಜನವರಿ 5ರಂದು ಉದ್ಘಾಟನೆಗೊಂಡಿತು. ಮಂಗಳೂರಿನಿಂದ ಹಾಸನ, ಮೈಸೂರುಗಳ ಮಾರ್ಗವಾಗಿ ಮಾಗಡಿ ತಾಲ್ಲೂಕಿನ ಸೋಲೂರಿಗೆ ಅಡುಗೆ ಅನಿಲವನ್ನು ಸಾಗಿಸುವ ಮತ್ತೊಂದು ಮಾರ್ಗವೂ ಇದೆ.

ಇವು ಇಲ್ಲದಿದ್ದರೆ ಇಷ್ಟೂ ಇಂಧನ ಟ್ಯಾಂಕರುಗಳಲ್ಲಿ, ಶಿರಾಡಿಯಂತಹ ಘಟ್ಟದ ತಿರುವುಗಳಲ್ಲಿ, ಬಸ್ಸು ಕಾರುಗಳ ನಡುವೆಯೇ ಸಾಗಬೇಕಾಗುತ್ತಿತ್ತು. ಆ ದೃಷ್ಟಿಯಿಂದ ಕೊಳವೆಮಾರ್ಗವೇ ಸುರಕ್ಷಿತವಾದುದು. ಆದರೆ ಟ್ಯಾಂಕರನ್ನು ಕಂಡವನು ದೂರ ಸರಿಯಬಲ್ಲನು. ಕಾಣದಿರುವ ಕೊಳವೆಯಿಂದ ದೂರ ಸರಿಯಬೇಕಾದರೆ ಅದು ಅಲ್ಲಿದೆಯೆಂಬ ತಿಳಿವಳಿಕೆಯನ್ನು ಯಾರಾದರೂ ಕಾಪಾಡಿಕೊಂಡು ಬಂದಿರಬೇಕು.

ಭೂಮಿ ಒಡೆಯನದು, ಹಕ್ಕು ಕೊಳವೆಯದು

ಕೊಳವೆಯನ್ನು ಹೂಳುವುದಕ್ಕಾಗಿ ಉದ್ದಕ್ಕೂ ಭೂಮಿಯನ್ನೇ ಕೊಂಡುಕೊಳ್ಳುವ ಪದ್ಧತಿ ನಮ್ಮಲ್ಲಿ ಸಾಮಾನ್ಯವಾಗಿ ಇಲ್ಲ. ಅಸ್ಸಾಮಿನ ನಹರ್‌ಕಟಿಯಾ ಬಾವಿಗಳ ಕಚ್ಚಾತೈಲವನ್ನು ಬಿಹಾರದ ಬರೌನಿಯವರೆಗೆ ಒಯ್ಯುವ ಮಾರ್ಗದ ನಿರ್ಮಾಣ ನಡೆಯುತ್ತಿದ್ದ ಕಾಲದಲ್ಲಿ, 1962ರಲ್ಲಿ, ಸಂಸತ್ತು ಇದಕ್ಕಾಗಿಯೇ ಒಂದು ಪ್ರತ್ಯೇಕ ಶಾಸನವನ್ನು ಅಂಗೀಕರಿಸಿತು. ಆ ಶಾಸನದಂತೆ ಸರಕಾರವು ಭೂಮಿಯ ಸ್ವಾಮ್ಯವನ್ನಲ್ಲ, ಅದರಡಿಯಲ್ಲಿ ಕೊಳವೆಯನ್ನು ಹೂಳುವ, ನೋಡಿಕೊಳ್ಳುವ, ದುರಸ್ತಿ ಮಾಡುವ ಉಪಯೋಗದ ಹಕ್ಕನ್ನು ಮಾತ್ರ ಪಡೆಯುತ್ತದೆ. ಕೆಲಸಗಾರರ ಬಾಯಲ್ಲಿ ಅದು 'ಆರ್‌ಒಯು' (ರೈಟ್ ಆಫ್ ಯೂಸರ್). ಪಟ್ಟಿಯ ಅಗಲ ಸಾಮಾನ್ಯವಾಗಿ 18ರಿಂದ 30 ಮೀಟರು.

ಮೊದಲು ಗೆಜೆಟ್ಟಿನಲ್ಲಿ ಸರ್ವೆ ನಂಬರುಗಳ ಸಹಿತ ಅಧಿಸೂಚನೆ ಪ್ರಕಟವಾಗುವುದು. ಆಸಕ್ತರು 21 ದಿನಗಳೊಳಗಾಗಿ ಆಕ್ಷೇಪಣೆ ಸಲ್ಲಿಸಬಹುದು. ಸಕ್ಷಮ ಪ್ರಾಧಿಕಾರಿ ಅದನ್ನು ಕೇಳಿ ತೀರ್ಮಾನಿಸಿದ ಅನಂತರವೇ ಹಕ್ಕಿನ ಘೋಷಣೆ. ಆ ಅಧಿಸೂಚನೆಗೆ ಮುಂಚೆ ವಾಸಕ್ಕೆ ಉಪಯೋಗದಲ್ಲಿದ್ದ ನೆಲದ ಅಡಿಯಲ್ಲಿ, ಶಾಶ್ವತ ಕಟ್ಟಡವಿದ್ದ ನೆಲದ ಅಡಿಯಲ್ಲಿ, ಮನೆಗೆ ಸೇರಿದ ಹಿತ್ತಿಲಿನಲ್ಲಿ ಕೊಳವೆಯನ್ನು ಹಾಕಕೂಡದು. ಎಲ್ಲಿಯೇ ಆಗಲಿ ಮೇಲ್ಮೈಯಿಂದ ಒಂದು ಮೀಟರಿಗಿಂತ ಕಡಮೆ ಆಳದಲ್ಲಿಯೂ ಹಾಕಕೂಡದು ಎಂದು ಶಾಸನವೇ ವಿಧಿಸುತ್ತದೆ. ಆದುದರಿಂದ ಈ ಶಾಸನದಡಿ ಹೂಳಿದ ಕೊಳವೆಯೊಂದರ ಮೇಲೆ ಇಂದು ಮನೆ ಕಂಡುಬಂದರೆ, ಕೊಳವೆ ಮನೆಯನ್ನು ಹುಡುಕಿಕೊಂಡು ಬಂದುದಲ್ಲ, ಮನೆಯೇ ಅನಂತರ ಬಂದುದು ಎಂದು ಬಹುಮಟ್ಟಿಗೆ ಹೇಳಬಹುದು.

ಕೊಳವೆ ಹೂಳಿ ಮಣ್ಣು ಮುಚ್ಚಿದ ಮೇಲೆ ಭೂಮಿ ಒಡೆಯನಿಗೇ ಮರಳುತ್ತದೆ. ಅವನು ಹಿಂದಿನಂತೆ ಉಳಬಹುದು, ಬಿತ್ತಬಹುದು, ಮಾರಲೂಬಹುದು. ಆದರೆ ಆ ಪಟ್ಟಿಯ ಮೇಲೆ ಕಟ್ಟಡವನ್ನಾಗಲಿ ಬೇರಾವ ನಿರ್ಮಾಣವನ್ನಾಗಲಿ ಎಬ್ಬಿಸಕೂಡದು, ಕೆರೆ, ಬಾವಿ, ಜಲಾಶಯ, ಅಣೆಕಟ್ಟುಗಳನ್ನು ಮಾಡಕೂಡದು, ಮರವನ್ನು ನೆಡಕೂಡದು. ಕೊಳವೆಗೆ ಹಾನಿ ತರುವ ಕೃತ್ಯಗಳಿಗೆ ಶಿಕ್ಷೆಯಿದೆ. 2011ರ ತಿದ್ದುಪಡಿ ಆ ಶಿಕ್ಷೆಯನ್ನು ಮತ್ತಷ್ಟು ಕಠಿನಗೊಳಿಸಿತು.

ಮನೆಯೇಕೆ ಕೂಡದು, ಮರವೇಕೆ ಕೂಡದು

ಈ ನಿಷೇಧಗಳು ರೈತನಿಗೆ ಅಧಿಕಾರಿಗಳ ಹಟದಂತೆ ತೋರುವುದು ಸಹಜ. ಒಂದು ತೆಂಗಿನ ಸಸಿ ಉಕ್ಕಿನ ಕೊಳವೆಯನ್ನು ಏನು ಮಾಡೀತು? ಇದಕ್ಕೆ ಉತ್ತರ ಕೊಳವೆಯ ರಚನೆಯಲ್ಲಿಯೇ ಇದೆ.

ಉಕ್ಕಿನ ತುಂಡುಗಳನ್ನು ಒಂದಕ್ಕೊಂದು ಬೆಸೆದು, ಬೆಸುಗೆಯನ್ನು ಕ್ಷಕಿರಣದಂತಹ ಉಪಾಯಗಳಿಂದ ಪರೀಕ್ಷಿಸಿ, ಹೊರಮೈಗೆ ಪಾಲಿಎಥಿಲೀನ್ ಮೊದಲಾದವುಗಳ ಪದರವನ್ನು ಹೊದಿಸಿ ಹೂಳುತ್ತಾರೆ. ಒದ್ದೆಮಣ್ಣಿನಲ್ಲಿ ಉಕ್ಕು ತುಕ್ಕು ಹಿಡಿಯದಂತೆ ತಡೆಯುವ ಮೊದಲ ರಕ್ಷೆ ಈ ಹೊದಿಕೆ. ಎರಡನೆಯ ರಕ್ಷೆ ವಿದ್ಯುತ್ತಿನದು: ಸೌಮ್ಯವಾದೊಂದು ವಿದ್ಯುತ್ಪ್ರವಾಹವನ್ನು ಮಣ್ಣಿನ ಮೂಲಕ ಕೊಳವೆಗೆ ಹರಿಯಿಸಿ, ತುಕ್ಕಿಗೆ ಕಾರಣವಾದ ಕ್ರಿಯೆಯನ್ನು ಉಕ್ಕಿನಿಂದ ಬೇರೆ ಲೋಹದ ಕಡೆಗೆ ತಿರುಗಿಸುವುದು. ಹಡಗುಗಳ ತಾಮ್ರದ ತಗಡನ್ನು ಸಮುದ್ರದ ನೀರಿನಿಂದ ಉಳಿಸುವುದಕ್ಕಾಗಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ಸೂಚಿಸಿದ ತತ್ತ್ವವೇ ಇಂದು ಹೊಲದಡಿಯ ಕೊಳವೆಯನ್ನೂ ಕಾಯುತ್ತಿದೆ.

ಮರದ ಬೇರು ಕೊಳವೆಯನ್ನು ಒಡೆಯುವುದಿಲ್ಲ. ಅದು ಹೊದಿಕೆಯನ್ನು ತಬ್ಬಿ, ಬಲಿತು, ಸೀಳುತ್ತದೆ. ಸೀಳಿದೆಡೆಯಲ್ಲಿ ತೇವ ಸೇರಿ ತುಕ್ಕು ಆರಂಭವಾಗುವುದು. ಮೇಲಾಗಿ ಮರದ ನೆರಳಿನಡಿಯ ನೆಲ ಆಕಾಶದಿಂದ ಪರೀಕ್ಷಿಸುವವರ ಕಣ್ಣಿಗೆ ಬೀಳದು. ದುರಸ್ತಿಯ ಯಂತ್ರ ಬರಬೇಕಾದ ದಿನ ದಾರಿಗೆ ಅಡ್ಡವಾಗುವುದು. ಜೋಳ, ರಾಗಿ, ಶೇಂಗಾ, ತರಕಾರಿಗಳಿಗೆ ಅಡ್ಡಿಯಿಲ್ಲದಿರುವುದಕ್ಕೂ, ಅಡಕೆ ತೆಂಗು ಮಾವುಗಳಿಗೆ ಅವಕಾಶವಿಲ್ಲದಿರುವುದಕ್ಕೂ ಕಾರಣ ಇದೇ.

ಕಟ್ಟಡದ ತೊಂದರೆ ಇನ್ನೂ ಹಲವು ಬಗೆಯದು. ಅದರ ತಳಪಾಯದ ಅಗೆತವೇ ಮೊದಲ ಅಪಾಯ: ಕೊಳವೆ ಇರುವುದು ಒಂದು ಮೀಟರಿನಷ್ಟು ಆಳದಲ್ಲಿ; ಜೆಸಿಬಿಯ ಬಾಹುವಾದರೋ ನಾಲ್ಕು ಮೀಟರಿಗಿಂತಲೂ ಆಳಕ್ಕೆ ಇಳಿಯಬಲ್ಲುದು. ಅನಂತರ ಗೋಡೆಗಳ ಭಾರ, ಅದಾದ ಮೇಲೆ ವಿದ್ಯುತ್ ಭೂಸಂಪರ್ಕದ ತಂತಿಗಳು ಕೊಳವೆಯನ್ನು ರಕ್ಷಿಸುವ ಪ್ರವಾಹಕ್ಕೆ ತರುವ ಗೊಂದಲ. ಎಲ್ಲಕ್ಕಿಂತ ಮಿಗಿಲಾಗಿ, ಕೆಳಗೆ ಸಣ್ಣ ಸೋರಿಕೆಯಾದರೆ ತೆರೆದ ಹೊಲದಲ್ಲಿ ಗಾಳಿಗೆ ಚದರಿಹೋಗಬೇಕಾದ ಅನಿಲ ಕಾಂಕ್ರೀಟಿನ ನೆಲದಡಿಯಲ್ಲಿಯೂ ಮುಚ್ಚಿದ ಕೋಣೆಯಲ್ಲಿಯೂ ಸಂಚಯಗೊಳ್ಳುವುದು.

ಮಣ್ಣು ತೆಗೆಯುವುದು ಅಪಾಯವಾದರೆ ಮಣ್ಣು ಪೇರಿಸುವುದೂ ನಿರಪಾಯವಲ್ಲ. ಹತ್ತಡಿ ಎತ್ತರಕ್ಕೆ ಮಣ್ಣು ತುಂಬಿ ನೆಲವನ್ನು ಸಮತಟ್ಟು ಮಾಡಿದರೆ ಕೊಳವೆಯ ಮೇಲಣ ಭಾರ ಹೆಚ್ಚುವುದಲ್ಲದೆ, ಆಪತ್ಕಾಲದಲ್ಲಿ ಅದನ್ನು ತಲುಪುವ ಆಳವೂ ಹೆಚ್ಚುತ್ತದೆ. ನೀರಿನ ಕೊರತೆಗೆ ಪರಿಹಾರವಾಗಿ ನಮ್ಮ ಬಯಲುಸೀಮೆಯಲ್ಲಿ ತೋಡುತ್ತಿರುವ ಕೃಷಿಹೊಂಡಗಳು ಸಾಮಾನ್ಯವಾಗಿ ಮೂರು ಮೀಟರ್ ಆಳದವು. ಹೊಂಡ ಒಳ್ಳೆಯ ಕೆಲಸವೇ; ಕೊಳವೆಯ ಪಟ್ಟಿಯ ಮೇಲೆ ಮಾತ್ರ ಅದಕ್ಕೆ ಸ್ಥಳವಿಲ್ಲ.

ಗೀರಿನ ದೀರ್ಘಾಯುಷ್ಯ

ಯಂತ್ರದ ಹಲ್ಲು ಕೊಳವೆಗೆ ತಗುಲಿದೊಡನೆಯೇ ಸ್ಫೋಟವಾಗುವುದೆಂದು ನಾವು ಭಾವಿಸುತ್ತೇವೆ. ಹಾಗಾಗುವುದೂ ಉಂಟು. ಆದರೆ ಅದಕ್ಕಿಂತ ಮೋಸದ ಸಂಗತಿಯೆಂದರೆ, ಅನೇಕ ವೇಳೆ ಏನೂ ಆಗುವುದಿಲ್ಲ. ಉಕ್ಕಿನ ಮೇಲೆ ಒಂದು ಗೀರು, ಒಂದು ತಗ್ಗು ಬೀಳುತ್ತದೆ, ಚಾಲಕನು ಅತ್ತಿತ್ತ ನೋಡಿ ಮಣ್ಣು ಮುಚ್ಚುತ್ತಾನೆ, ಕೆಲಸ ಮುಂದುವರಿಯುತ್ತದೆ. ಕೊಳವೆಯೊಳಗಿನ ಒತ್ತಡ ದಿನದಿನವೂ ಏರಿಳಿಯುತ್ತಿರುವುದರಿಂದ, ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದಾಗ ಅದು ಒಂದು ಸಲ ತುಂಡಾಗುವಂತೆ, ಆ ಗಾಯಗೊಂಡ ಜಾಗವೂ ಒಂದು ದಿನ ಬಿರಿಯುತ್ತದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1999ರ ಜೂನ್ 10ರಂದು ಪೆಟ್ರೋಲಿನ ಕೊಳವೆ ಒಡೆದು ಸುಮಾರು ಒಂಬತ್ತು ಲಕ್ಷ ಲೀಟರ್ ಪೆಟ್ರೋಲ್ ಹೊಳೆಗೆ ಹರಿದು ಹೊತ್ತಿಕೊಂಡಿತು. ಹೊಳೆಯ ಬಳಿ ಆಡುತ್ತಿದ್ದ ಹತ್ತು ವರ್ಷದ ಇಬ್ಬರು ಬಾಲಕರೂ, ಮೀನು ಹಿಡಿಯುತ್ತಿದ್ದ ಹದಿನೆಂಟರ ಯುವಕನೊಬ್ಬನೂ ಮೃತರಾದರು. ಆ ಸ್ಥಳದಲ್ಲಿ ಐದು ವರ್ಷಗಳ ಹಿಂದೆ, 1994ರಲ್ಲಿ, ನೀರು ಶುದ್ಧೀಕರಣ ಘಟಕದ ಕಾಮಗಾರಿ ನಡೆದಾಗ ಯಂತ್ರವು ಕೊಳವೆಗೆ ಮಾಡಿದ ಗಾಯವೇ ಆ ದುರಂತದ ಕಾರಣಗಳಲ್ಲಿ ಒಂದೆಂದು ತನಿಖೆ ನಿರ್ಣಯಿಸಿತು.

ಬೆಲ್ಜಿಯಮ್ಮಿನ ಗಿಲೆಂಗ್ಯಾಂ ಎಂಬಲ್ಲಿ ಕೈಗಾರಿಕಾ ಪ್ರದೇಶದೊಳಗೆ ಹಾದುಹೋಗುವ ಅನಿಲದ ಕೊಳವೆ 2004ರ ಜುಲೈ 30ರಂದು ಸಿಡಿಯಿತು. 24 ಮಂದಿ ಸತ್ತರು. ಅವರಲ್ಲಿ ಸೋರಿಕೆಯ ವಾರ್ತೆ ಕೇಳಿ ಧಾವಿಸಿ ಬಂದ ಅಗ್ನಿಶಾಮಕರೂ ಇದ್ದರು. ಕಾರ್ಖಾನೆಯೊಂದರ ಆವರಣದ ಕೆಲಸದಲ್ಲಿ ಮಣ್ಣು ಹದಗೊಳಿಸುವ ಯಂತ್ರ ಕೆಲವು ವಾರಗಳ ಹಿಂದೆ ಕೊಳವೆಯ ಮೈಯನ್ನು ಕೆರೆದಿತ್ತು. ಅಮೆರಿಕದ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ 1994ರ ಮಾರ್ಚ್ 23ರಂದು 36 ಅಂಗುಲದ ಅನಿಲದ ಕೊಳವೆ ಸಿಡಿದು ಸಮೀಪದ ವಸತಿ ಸಮುಚ್ಚಯದ ಎಂಟು ಕಟ್ಟಡಗಳು ಭಸ್ಮವಾದಾಗಲೂ, ಕೊಳವೆಯ ಮೈಯಲ್ಲಿ ಹಿಂದೆಂದೋ ಅಗೆತದ ಯಂತ್ರ ಮಾಡಿದ ಗೀರುಗಳು ಪತ್ತೆಯಾದುವು.

ಈ ಮೂರರಲ್ಲಿಯೂ ಗಾಯಕ್ಕೂ ದುರಂತಕ್ಕೂ ನಡುವೆ ಕಾಲಾವಕಾಶವಿತ್ತು: ಒಂದೆಡೆ ವಾರಗಳು, ಮತ್ತೊಂದೆಡೆ ವರ್ಷಗಳು. ಗೀರು ಬಿದ್ದ ದಿನವೇ ಯಾರಾದರೊಬ್ಬರು ಕೊಳವೆಯ ಸಂಸ್ಥೆಗೆ ತಿಳಿಸಿದ್ದರೆ ಒತ್ತಡವನ್ನು ಇಳಿಸಿ, ತುಂಡನ್ನು ಬದಲಾಯಿಸಿ ಮುಗಿಸಬಹುದಾಗಿದ್ದ ಕೆಲಸವದು.

ತಗ್ಗನ್ನು ಅರಸುವ ಆವಿ

ಕೊಳವೆಯಲ್ಲಿ ಹರಿಯುವ ವಸ್ತುವಿನ ಸ್ವಭಾವವನ್ನರಿಯದೆ ಅದರ ನೆರೆಯಲ್ಲಿ ವಾಸಿಸುವುದು ಕ್ಷೇಮವಲ್ಲ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರವಾದುದರಿಂದ ತೆರವಾದೆಡೆಯಲ್ಲಿ ಮೇಲೇರಿ ಹೋಗುತ್ತದೆ. ಪೆಟ್ರೋಲಿನ ಆವಿಯೂ ಅಡುಗೆ ಅನಿಲವೂ ಗಾಳಿಗಿಂತ ಭಾರವಾದುದರಿಂದ ನೆಲವನ್ನು ಹಿಡಿದು ಹರಿದು, ಚರಂಡಿ, ತಗ್ಗು, ನೆಲಮಾಳಿಗೆಗಳನ್ನು ತುಂಬಿಕೊಳ್ಳುತ್ತವೆ. ಕಿಡಿ ಸೋರಿಕೆಯ ಸ್ಥಳದಲ್ಲೇ ಇರಬೇಕೆಂದಿಲ್ಲ; ಬಹುದೂರದ ಒಲೆಯೊಂದು ಸಾಕು.

ಬ್ರೆಜಿಲ್ ದೇಶದ ಕುಬಾತಾವ್ ಪಟ್ಟಣದ ವಿಲಾ ಸೊಕೊ ಎಂಬ ಕೊಳಚೆ ವಸತಿ ಜೌಗುನೆಲದ ಮೇಲೆ, ಪೆಟ್ರೋಲಿನ ಕೊಳವೆಗಳ ಮೇಲೆಯೇ ಮರದ ಕಂಬಗಳನ್ನೂರಿ ಬೆಳೆದಿತ್ತು. 1984ರ ಫೆಬ್ರವರಿಯ ಒಂದು ರಾತ್ರಿ ಸುಮಾರು ಏಳು ಲಕ್ಷ ಲೀಟರ್ ಪೆಟ್ರೋಲ್ ಆ ಗುಡಿಸಲುಗಳ ಕೆಳಗಣ ನೀರಿನ ಮೇಲೆ ಹರಡಿ ಹೊತ್ತಿಕೊಂಡಾಗ, ಸರಕಾರದ ಲೆಕ್ಕದಂತೆಯೇ 93 ಮಂದಿ ಸತ್ತರು. ಬಡವರಿಗೆ ಬೇರೆಲ್ಲಿಯೂ ನೆಲ ಸಿಗದಿದ್ದಾಗ ಬರಿದಾಗಿ ಬಿದ್ದಿರುವ ಪಟ್ಟಿಯೇ ಊರಾಗುವುದೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಡ.

ಚೀನಾದ ಚಿಂಗ್‌ದಾವ್ ನಗರದಲ್ಲಿ 2013ರ ನವೆಂಬರ್ 22ರಂದು ಸೋರಿದ ಕಚ್ಚಾತೈಲ ಪುರಸಭೆಯ ಮುಚ್ಚಿದ ಚರಂಡಿಯೊಳಗೆ ಸೇರಿ ಸ್ಫೋಟಗೊಂಡು 62 ಮಂದಿಯನ್ನು ಬಲಿತೆಗೆದುಕೊಂಡಿತು. ಕೊಳವೆಯೂ ಚರಂಡಿಯೂ ಒಂದನ್ನೊಂದು ಹಾಯುವಂತೆ ನಗರ ಬೆಳೆದುದೇ ಅಲ್ಲಿ ಕೇಡಿಗೆ ಎಡೆಗೊಟ್ಟಿತು. ನಮ್ಮ ನೆರೆಯ ಆಂಧ್ರಪ್ರದೇಶದ ನಗರಂ ಗ್ರಾಮದಲ್ಲಿ 2014ರ ಜೂನ್ 27ರ ಮುಂಜಾನೆ ಅನಿಲದ ಕೊಳವೆ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ದೋಷ ಅಗೆತದ್ದಲ್ಲ, ತುಕ್ಕಿನದು. ಆದರೆ ಜನವಸತಿ ಕೊಳವೆಗೆ ಎಷ್ಟು ಸಮೀಪವಿದ್ದರೆ ತುಕ್ಕಿನ ಬೆಲೆ ಅಷ್ಟು ಹೆಚ್ಚು.

ಪಟ್ಟಿಯ ಅಗಲ, ಅಪಾಯದ ಅಗಲ

ಪಟ್ಟಿಯ ಗಡಿಕಲ್ಲಿನಾಚೆ ಒಂದು ಅಡಿ ಬಿಟ್ಟು ಮನೆ ಕಟ್ಟಿದರೆ ಕಾನೂನಿಗೆ ತೃಪ್ತಿಯಾದೀತು, ಬೆಂಕಿಗೆ ಆಗದು. ಅನಿಲದ ಕೊಳವೆ ಸಿಡಿದರೆ ಅದರ ಉರಿಯ ತಾಪ ಎಷ್ಟು ದೂರ ಮಾರಕವಾಗಬಹುದೆಂಬುದನ್ನು ಕೊಳವೆಯ ವ್ಯಾಸ ಮತ್ತು ಒತ್ತಡಗಳಿಂದ ಗಣಿಸುವ ಒಂದು ಸೂತ್ರ ಅಮೆರಿಕದ ನಿಯಮಗಳಲ್ಲಿದೆ. ಆ ಲೆಕ್ಕದಂತೆ, ಚದರ ಅಂಗುಲಕ್ಕೆ 1,000 ಪೌಂಡ್ ಒತ್ತಡದ 12 ಅಂಗುಲದ ಕೊಳವೆಗೆ ಆ ತ್ರಿಜ್ಯ ಸುಮಾರು 80 ಮೀಟರು. 36 ಅಂಗುಲದ ಕೊಳವೆಗೆ ಸುಮಾರು 240 ಮೀಟರು. ಇಪ್ಪತ್ತು ಮೀಟರಿನ ಪಟ್ಟಿ ಅದನ್ನು ತಡೆಯಲಾರದು. ಪಟ್ಟಿ ಮಾಡಬಲ್ಲ ಉಪಕಾರ ಬೇರೆ: ಸಿಡಿತಕ್ಕೆ ಕಾರಣವಾಗುವ ಕೈಯನ್ನು ಅದು ದೂರವಿಡುತ್ತದೆ.

ಕೊಳವೆಯನ್ನು ವಿನ್ಯಾಸಗೊಳಿಸುವವರು ಇದನ್ನು ಬಲ್ಲರು. ಅನಿಲದ ಮಾರ್ಗದ ಎರಡು ಬದಿಗಳಲ್ಲಿಯೂ ಸುಮಾರು 200 ಮೀಟರಿನೊಳಗೆ, 1.6 ಕಿಲೋಮೀಟರ್ ಉದ್ದದಲ್ಲಿ ಎಷ್ಟು ಮನೆಗಳಿವೆಯೆಂದು ಎಣಿಸಿ, ಅದಕ್ಕೆ ತಕ್ಕಂತೆ ಪ್ರದೇಶವನ್ನು ವರ್ಗೀಕರಿಸುತ್ತಾರೆ. ಹತ್ತಕ್ಕೆ ಮೀರದಿದ್ದರೆ ಒಂದು ವರ್ಗ; 46 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮತ್ತೊಂದು; ಬಹುಮಹಡಿಯ ಕಟ್ಟಡಗಳು ದಟ್ಟವಾಗಿದ್ದರೆ ಇನ್ನೊಂದು. ಜನ ಹೆಚ್ಚಿದಷ್ಟೂ ಕೊಳವೆಯ ಗೋಡೆ ದಪ್ಪವಾಗಿರಬೇಕು, ಇಲ್ಲವೆ ಒತ್ತಡ ಕಡಮೆಯಾಗಿರಬೇಕು.

ಇಲ್ಲಿಯೇ ನಗರಗಳ ಬೆಳವಣಿಗೆಯ ತೊಡಕು ಇರುವುದು. ರಾಗಿಯ ಹೊಲಕ್ಕೆಂದು ಲೆಕ್ಕ ಹಾಕಿ ಹೂಳಿದ ಕೊಳವೆ ಹತ್ತು ವರ್ಷಗಳಲ್ಲಿ ಬಡಾವಣೆಯ ನಡುವೆ ಇರುತ್ತದೆ. ಕೊಳವೆ ಬದಲಾಗಿಲ್ಲ, ಅದರ ಸುತ್ತಣ ಲೋಕ ಬದಲಾಗಿದೆ. ಭೂಪರಿವರ್ತನೆಗೂ ಬಡಾವಣೆಯ ನಕ್ಷೆಗೂ ಅನುಮತಿ ಕೊಡುವ ಕಚೇರಿಗಳು ಕೊಳವೆಯ ನಕ್ಷೆಯನ್ನು ಎದುರಿಗಿಟ್ಟುಕೊಂಡು ತೀರ್ಮಾನಿಸಿದರೆ ಆ ಪಟ್ಟಿ ಉದ್ಯಾನವೋ ಹುಲ್ಲಿನ ಬಯಲೋ ಆಗಿ ಉಳಿದೀತು. ನಕ್ಷೆಯಿಲ್ಲದೆ ಎದ್ದ ರೆವಿನ್ಯೂ ಬಡಾವಣೆಯಲ್ಲಿ ಅದು ಯಾರದೋ ಅಡುಗೆಮನೆಯಾದೀತು.

ಕಾವಲಿನ ಬಗೆ

ಈ ಮಾರ್ಗಗಳನ್ನು ಕಾಯುವವರಿಲ್ಲದಿಲ್ಲ. ಕೊಳವೆಯ ಜಾಡಿನುದ್ದಕ್ಕೂ ನಡೆದು, ಹೊಸ ಗುಂಡಿ, ಹೊಸ ಗುಡಿಸಲು, ಒಣಗಿದ ಬೆಳೆ, ಎಣ್ಣೆಯ ವಾಸನೆ ಇವನ್ನು ವರದಿಮಾಡುವ ಕಾವಲುಗಾರರಿದ್ದಾರೆ. ಸಂಸ್ಥೆಗಳವರು ಅವರನ್ನು ಲೈನ್ ವಾಕರ್ ಎನ್ನುತ್ತಾರೆ. ಆಕಾಶದಿಂದ ನೋಡುವ ಪರೀಕ್ಷೆಯುಂಟು; ಕೊಳವೆಯ ಜೊತೆಗೇ ಹೂತ ದ್ಯುತಿತಂತು ಮಣ್ಣಿನ ಕಂಪನವನ್ನು ಗ್ರಹಿಸಿ ದೂರದ ನಿಯಂತ್ರಣ ಕೊಠಡಿಗೆ ತಿಳಿಸುವ ಉಪಾಯವುಂಟು. ಪಿಗ್ ಎಂಬ ಯಂತ್ರ ಕೊಳವೆಯೊಳಗೇ ಸಾಗಿ ಅದರ ಗೋಡೆಯ ದಪ್ಪವನ್ನೂ ತಗ್ಗುಗಳನ್ನೂ ಅಳೆದುಕೊಂಡು ಬರುತ್ತದೆ. ಅಪಾಯ ಬಂದರೆ ಮಾರ್ಗವನ್ನು ತುಂಡುತುಂಡಾಗಿ ಮುಚ್ಚುವ ಕವಾಟಗಳುಂಟು.

ಆದರೂ ಈ ಕಾವಲು ಸಾಲದು. ಬೆಳಗ್ಗೆ ಕಾವಲುಗಾರ ನಡೆದುಹೋದ ಜಾಗದಲ್ಲಿ ಮಧ್ಯಾಹ್ನ ಕೊಳವೆಬಾವಿಯ ಲಾರಿ ಬಂದು ನಿಲ್ಲಬಹುದು. ಎಡಿಸನ್ನಿನಲ್ಲಿ ಕವಾಟ ಮುಚ್ಚುವುದಕ್ಕೇ ಸುಮಾರು ಎರಡೂವರೆ ಗಂಟೆ ಹಿಡಿಯಿತು. ಅಗೆಯುವವನೇ ಮೊದಲು ಕೇಳಬೇಕೆಂಬ ನಿಯಮ ಅನೇಕ ದೇಶಗಳಲ್ಲಿ ಬಂದಿರುವುದು ಇದರಿಂದಲೇ. ಅಮೆರಿಕದಲ್ಲಿ 2007ರಿಂದ 811 ಎಂಬ ಸಂಖ್ಯೆಗೆ ಕರೆಮಾಡಿದರೆ ನೆಲದಡಿ ಏನೇನಿದೆಯೆಂದು ಸಂಬಂಧಪಟ್ಟವರು ಬಂದು ಗುರುತು ಹಾಕುತ್ತಾರೆ. ನಮ್ಮ ದೇಶದಲ್ಲಿ 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಿಡುಗಡೆಯಾಯಿತು. ಅಗೆಯುವವರನ್ನೂ ನೆಲದಡಿಯ ಆಸ್ತಿಗಳ ಒಡೆಯರನ್ನೂ ಒಂದೆಡೆಗೆ ತರುವುದು ಅದರ ಉದ್ದೇಶ.

ನ್ಯಾಯದ ಪ್ರಶ್ನೆ

ಇಷ್ಟು ಹೇಳಿದ ಮೇಲೆ ಭೂಮಿಯ ಒಡೆಯನ ಮಾತನ್ನೂ ಕೇಳುವುದು ಧರ್ಮ. ಬೆಳೆ ಮರಗಳ ನಷ್ಟವನ್ನು ಬಿಟ್ಟರೆ, ಉಪಯೋಗದ ಹಕ್ಕಿಗಾಗಿ 1962ರ ಶಾಸನ ನಿಗದಿಪಡಿಸಿದುದು, ಮೊದಲ ಅಧಿಸೂಚನೆಯ ದಿನದಂದು ಆ ಭೂಮಿಗಿದ್ದ ಮಾರುಕಟ್ಟೆಯ ಬೆಲೆಯಲ್ಲಿ ಶೇಕಡ 10ರಷ್ಟನ್ನು. ದೊಡ್ಡ ಹಿಡುವಳಿದಾರನಿಗೆ ಅದು ಸಹ್ಯವಾದೀತು. ಒಂದೆಕರೆಯ ಒಡೆಯನ ಭೂಮಿಯನ್ನು ಕೊಳವೆ ಕರ್ಣರೇಖೆಯಾಗಿ ಸೀಳಿದರೆ, ಭೂಮಿ ಅವನ ಹೆಸರಿನಲ್ಲಿಯೇ ಇದ್ದರೂ ಮಗನಿಗೆ ಮನೆ ಕಟ್ಟಲು ಜಾಗವಿಲ್ಲ, ಅಡಕೆ ಹಾಕಲು ಅನುಮತಿಯಿಲ್ಲ. ನಗರ ಸಮೀಪಿಸಿದಾಗ ನೆರೆಯವನ ಭೂಮಿಗೆ ಬಂದ ಬೆಲೆ ಇವನದಕ್ಕೆ ಬರುವುದೂ ಇಲ್ಲ.

ಕೊಚ್ಚಿಯಿಂದ ಬೆಂಗಳೂರಿಗೆ ಬರಬೇಕಾದ ಅನಿಲಮಾರ್ಗಕ್ಕೆ ತಮಿಳುನಾಡಿನ ಪಶ್ಚಿಮ ಜಿಲ್ಲೆಗಳ ರೈತರು ಒಡ್ಡಿದ ಪ್ರತಿಭಟನೆಯ ಹಿಂದೆ ಈ ನೋವಿತ್ತು. ಹೆದ್ದಾರಿಯ ಬದಿಯಲ್ಲಿ ಹೂಳಿರೆಂದು ರಾಜ್ಯಸರಕಾರ ವಾದಿಸಿತು. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಳವೆಯ ಪಕ್ಷವನ್ನು ಎತ್ತಿಹಿಡಿಯಿತು. ಕೇರಳದ ಮುಕ್ಕಂನಲ್ಲಿಯೂ 2017ರಲ್ಲಿ ಜನ ಬೀದಿಗಿಳಿದರು.

ಪರಿಹಾರದ ಪ್ರಮಾಣ ಹೆಚ್ಚಬೇಕೆಂಬ ಬೇಡಿಕೆ ನ್ಯಾಯವಾದುದೆಂದೇ ಈ ಲೇಖಕನ ಅಭಿಪ್ರಾಯ. ಒಂದು ನಗರದ ಒಲೆಗಳೂ ವಾಹನಗಳೂ ಉರಿಯುವುದಕ್ಕಾಗಿ ಒಬ್ಬ ರೈತನ ಭೂಮಿ ಶಾಶ್ವತವಾಗಿ ನಿರ್ಬಂಧಕ್ಕೊಳಗಾಗುವುದಾದರೆ, ಆ ಭಾರವನ್ನು ನಗರವೂ ಹೊರಬೇಕು. ಆದರೆ ಕಡಮೆ ಪರಿಹಾರದ ಅನ್ಯಾಯಕ್ಕೆ ಆ ಪಟ್ಟಿಯನ್ನು ಗುಟ್ಟಾಗಿ ನಿವೇಶನ ಮಾಡಿ ಮಾರುವುದು ಉತ್ತರವಾಗಲಾರದು. ಅದರಿಂದ ಒಬ್ಬನ ನಷ್ಟ ಅರಿಯದ ಮತ್ತೊಬ್ಬನ ಪ್ರಾಣದ ಮೇಲೆ ವರ್ಗವಾಗುವುದಷ್ಟೇ.

ಓದುಗರು ಮಾಡಬೇಕಾದುದು

ಊರ ಹೊರಗೆ ನೆಲ ಕೊಳ್ಳುವವರು ಪಹಣಿಯಲ್ಲಿ ಇತರರ ಹಕ್ಕುಗಳನ್ನು ನಮೂದಿಸುವ ಅಂಕಣವನ್ನು ಮೊದಲು ನೋಡಬೇಕು. ನೋಂದಣಿ ಕಚೇರಿಯ ಋಣಭಾರ ಪತ್ರವೊಂದನ್ನೇ ನಂಬಬಾರದು; ಗೆಜೆಟ್ಟಿನ ಮೂಲಕ ಪ್ರಾಪ್ತವಾದ ಹಕ್ಕು ಅದರಲ್ಲಿ ಕಾಣಿಸದೆ ಇರಬಹುದು. ಸರ್ವೆ ನಂಬರಿನಲ್ಲಿ ಅಥವಾ ಅದರ ನೆರೆಯಲ್ಲಿ ಗುರುತಿನ ಕಂಬವಿದ್ದರೆ ಕೊಳವೆಯ ಸಂಸ್ಥೆಗೆ ಲಿಖಿತವಾಗಿ ಬರೆದು, ಪಟ್ಟಿಯ ಎಲ್ಲೆಯನ್ನು ಅಳೆಸಿಕೊಳ್ಳಬೇಕು.

ಎರಡು ಕಂಬಗಳ ನಡುವೆ ಕಣ್ಣಿನಿಂದಲೇ ಗೆರೆ ಎಳೆದು ಕೊಳವೆ ಅಲ್ಲಿಯೇ ಇದೆಯೆಂದು ನಿರ್ಧರಿಸುವುದು ಅಪಾಯಕರ. ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕ್ ಎಂಬಲ್ಲಿ 2004ರ ನವೆಂಬರ್ 9ರಂದು ನೀರಿನ ಕೊಳವೆಗೆ ಕಂದಕ ತೋಡುತ್ತಿದ್ದ ಯಂತ್ರ ಪೆಟ್ರೋಲಿನ ಕೊಳವೆಗೆ ತಗುಲಿ ಐವರು ಕಾರ್ಮಿಕರು ಸತ್ತರು. ಕೊಳವೆ ಒಂದು ಮರವನ್ನು ಬಳಸಿಕೊಂಡು ಬಾಗಿದ್ದ ಸಂಗತಿ ನೆಲದ ಮೇಲಿನ ಗುರುತುಗಳಲ್ಲಿ ಇರಲಿಲ್ಲ. ಸಂಸ್ಥೆಯ ಪ್ರತಿನಿಧಿ ಬಂದು ನಿಂತ ಮೇಲೆ, ಮೊದಲು ಕೈಗುದ್ದಲಿಯಿಂದ ಕೊಳವೆಯನ್ನು ಕಂಡುಕೊಂಡು, ಅನಂತರವೇ ಯಂತ್ರ ಹಚ್ಚುವುದು ಕ್ಷೇಮದ ಕ್ರಮ.

ಮಣ್ಣಿನಿಂದ ಗುಳ್ಳೆಯೇಳುವುದು, ಹಿಸ್ಸೆಂಬ ಸದ್ದು, ಎಣ್ಣೆಯ ವಾಸನೆ, ಕಾರಣವಿಲ್ಲದೆ ಒಂದೆಡೆ ಬೆಳೆ ಸಾಯುವುದು ಇವು ಸೋರಿಕೆಯ ಲಕ್ಷಣಗಳು. ದೂರದ ಸಾಗಣೆಯ ನೈಸರ್ಗಿಕ ಅನಿಲಕ್ಕೆ ವಾಸನೆ ಇಲ್ಲದಿರಬಹುದಾದುದರಿಂದ ಮೂಗೊಂದನ್ನೇ ನಂಬಬೇಡಿ. ಬೆಂಕಿ ಹಚ್ಚದೆ, ವಾಹನ ಚಾಲೂ ಮಾಡದೆ, ಗಾಳಿ ಬೀಸುವ ದಿಕ್ಕಿಗೆ ವಿರುದ್ಧವಾಗಿ ನಡೆದು, ದೂರ ಹೋದ ಮೇಲೆ ಗುರುತಿನ ಕಂಬದ ಫಲಕದಲ್ಲಿರುವ ಸಂಖ್ಯೆಗೆ ಕರೆಮಾಡಿ.

ಪಂಚಾಯಿತಿಯ ಸದಸ್ಯರಿಗೆ, ಗುತ್ತಿಗೆದಾರರಿಗೆ, ಕೊಳವೆಬಾವಿ ಕೊರೆಯುವವರಿಗೆ, ಜೆಸಿಬಿ ನಡೆಸುವ ತರುಣರಿಗೆ ಒಂದು ಕೊನೆಯ ವಿಜ್ಞಾಪನೆ. ಯಂತ್ರದ ಹಲ್ಲು ಉಕ್ಕಿಗೆ ತಗುಲಿತೆಂದು ಸಂಶಯ ಬಂದರೂ ಸಾಕು, ಸೋರದಿದ್ದರೂ ಸರಿಯೆ, ಮಣ್ಣು ಮುಚ್ಚಬೇಡಿ. ಕೆಲಸವನ್ನು ನಿಲ್ಲಿಸಿ, ದೂರ ಸರಿದು, ಆ ಕೂಡಲೇ ಕೊಳವೆಯ ಸಂಸ್ಥೆಗೆ ತಿಳಿಸಿ. ದಂಡದ ಭಯದಿಂದ ಮುಚ್ಚಿಟ್ಟ ಗೀರು ಯಾರ ಕಾಲದಲ್ಲಿ ಬಿರಿಯುವುದೋ ಯಾರೂ ಹೇಳಲಾರರು. ತಿಳಿಸಿದ ಗೀರನ್ನಾದರೆ ದುರಸ್ತಿ ಮಾಡಬಹುದು.